ಕ್ಷಯಕ್ಕೆ ಗುಳಿಗೆಯ ಜೊತೆಗೆ ಊಟವೂ ಬೇಕು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



"ವೈದ್ಯಶಾಸ್ತ್ರದ ಹೊಸ ಸಂಶೋಧನೆಗಳು" ಎಂಬ ವಿಷಯವನ್ನು ಕಾರ್ಯದರ್ಶಿಗಳು ನನಗೆ ಕೊಟ್ಟಿದ್ದಾರೆ. ಏಳನೆಯ ಇಯತ್ತೆ ಓದಿ ಮಾಣಿಯ ಕೆಲಸಕ್ಕೆ ನಿಂತವನಿಗೆ ಇದು ಹೊರಲಾರದ ಹೊರೆ. ಎಲ್ಲ ರೋಗಗಳ ಸಂಗತಿ ಹೇಳುವುದಕ್ಕೆ ಡಾಕ್ಟರೇ ಬರಬೇಕು. ನಾನು ಒಂದೇ ರೋಗವನ್ನು ಹಿಡಿದುಕೊಂಡು ಮಾತಾಡುತ್ತೇನೆ. ಅದು ಕ್ಷಯ. ನಮ್ಮ ಖೋಲಿಗಳಲ್ಲಿ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. "ಅವನಿಗೆ ಎದೆ ಸರಿಯಿಲ್ಲವಂತೆ, ಊರಿಗೆ ಹೋದ" ಎನ್ನುತ್ತೇವೆ. ಊರಿಗೆ ಹೋದವನು ಏನಾದ ಎಂದು ಆಮೇಲೆ ಕೇಳುವುದಿಲ್ಲ.

ಮೊದಲು ಒಂದು ಹಳೆಯ ನಂಬಿಕೆಯನ್ನು ತೆಗೆದುಹಾಕೋಣ. ಇದು ವಂಶದ ರೋಗ, ಅಪ್ಪನಿಗಿದ್ದರೆ ಮಗನಿಗೆ ಬಂದೇ ಬರುತ್ತದೆ ಎನ್ನುವವರು ಈಗಲೂ ಇದ್ದಾರೆ. 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಕ್ ಎಂಬ ವೈದ್ಯರು ಈ ರೋಗದ ಕ್ರಿಮಿಯನ್ನು ಜಗತ್ತಿನ ಮುಂದಿಟ್ಟರು. ಕೆಮ್ಮಿದಾಗ ಗಾಳಿಗೆ ಬರುವ ಕ್ರಿಮಿಯಿಂದ ಇದು ಹರಡುತ್ತದೆ. ಲೋಟ, ಬಶಿ, ತಟ್ಟೆಗಳಿಂದ ಹರಡುವುದಿಲ್ಲ. ಹೋಟೆಲಿನವರಾದ ನಾವು ಇದನ್ನು ಚೆನ್ನಾಗಿ ನೆನಪಿಡಬೇಕು; ಏಕೆಂದರೆ ರೋಗಿಯ ಲೋಟವನ್ನು ಬೇರೆ ಇಡುವ ಅವಮಾನ ನಮ್ಮಲ್ಲೇ ನಡೆಯುತ್ತದೆ, ಹತ್ತು ಜನ ಮಲಗುವ ಖೋಲಿಯ ಕಿಟಕಿ ಮಾತ್ರ ಮುಚ್ಚಿಯೇ ಇರುತ್ತದೆ.

ಈಗ ಮದರಾಸಿನ ಸಂಗತಿಗೆ ಬರುತ್ತೇನೆ. ಹಿಂದೆ ಕ್ಷಯವೆಂದರೆ ಸ್ಯಾನಟೋರಿಯಂ ಎಂದೇ ಅರ್ಥ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವರ್ಷಗಟ್ಟಲೆ ವಿಶ್ರಾಂತಿ. ಬಡವನಿಗೆ ಅದೆಲ್ಲಿಯದು? 1956ರಲ್ಲಿ ಮದರಾಸಿನಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿಯವರು 193 ರೋಗಿಗಳನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಸ್ಯಾನಟೋರಿಯಂಗೆ ಕಳಿಸಿದರು, ಇನ್ನೊಂದನ್ನು ಅವರವರ ಇಕ್ಕಟ್ಟಿನ ಮನೆಗಳಲ್ಲೇ ಇಟ್ಟರು. ಇಬ್ಬರಿಗೂ ಒಂದೇ ಔಷಧ, ಒಂದು ವರ್ಷ. 1959ರಲ್ಲಿ ಫಲ ಹೊರಬಿತ್ತು: ಮನೆಯಲ್ಲಿದ್ದವರು ಕಡಿಮೆ ಉಂಡು, ಹೆಚ್ಚು ದುಡಿದೂ ಹೆಚ್ಚುಕಡಿಮೆ ಅಷ್ಟೇ ಮಟ್ಟಿಗೆ ಗುಣವಾಗಿದ್ದರು. ಮನೆಯವರಿಗೆ ರೋಗ ಹೆಚ್ಚಾಗಿ ತಗುಲಿರಲೂ ಇಲ್ಲ. ಮನೆಯಲ್ಲಿದ್ದುಕೊಂಡೇ ಗುಳಿಗೆ ನುಂಗಿ ಗುಣವಾಗಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟವರು ಮದರಾಸಿನ ಬಡ ರೋಗಿಗಳು.

ಇದು ದೊಡ್ಡ ಉಪಕಾರ. ಆದರೆ ದೊಡ್ಡವರು ಇದರಿಂದ ಇನ್ನೊಂದು ಪಾಠವನ್ನೂ ಕಲಿತರು: ಔಷಧವಿದ್ದರೆ ಸಾಕು, ಊಟದ ಚಿಂತೆ ಬೇಡ ಎಂದು. ಗುಳಿಗೆ ಕೊಡುವುದು ಸುಲಭ. ಅನ್ನ ಕೊಡುವುದು ಖರ್ಚಿನ ಬಾಬ್ತು. ಹಾಗಾಗಿ ಈ ಪಾಠ ಬಹಳ ಕಾಲ ಬಾಳಿತು ಎಂದು ನನ್ನ ಅಭಿಪ್ರಾಯ.

ಅದನ್ನು ತಿದ್ದಿದ ಸಂಶೋಧನೆ 2023ರ ಆಗಸ್ಟಿನಲ್ಲಿ ಪ್ರಕಟವಾಯಿತು. ನಡೆಸಿದವರಲ್ಲಿ ಮುಂದಾಳುಗಳು ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ನಡೆದದ್ದು ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ. ಶ್ವಾಸಕೋಶದ ಕ್ಷಯವಿದ್ದ 2,800 ರೋಗಿಗಳು, ಅವರ ಮನೆಗಳಲ್ಲಿದ್ದ 10,345 ಜನ. ರೋಗಿಗಳೆಲ್ಲರಿಗೂ ಔಷಧದ ಜೊತೆಗೆ ದಿನಸಿ ಕೊಟ್ಟರು. ಮನೆಯವರಲ್ಲಿ ಒಂದು ಪಾಲಿಗೆ ಮಾತ್ರ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಜೀವಸತ್ವದ ಗುಳಿಗೆ. ಆಮೇಲೆ ಯಾರಿಗೆ ಹೊಸದಾಗಿ ರೋಗ ಬಂತು ಎಂದು ಕಾದು ನೋಡಿದರು. ದಿನಸಿ ಸಿಕ್ಕ ಮನೆಗಳಲ್ಲಿ ಹೊಸ ಕ್ಷಯ ಪ್ರತಿಶತ 39ರಷ್ಟು ಕಡಿಮೆ! ಕಫದಲ್ಲಿ ಕ್ರಿಮಿ ಕಾಣುವ, ಇತರರಿಗೆ ಹರಡುವ ಜಾತಿಯ ಕ್ಷಯವಂತೂ 48 ಕಡಿಮೆ. ಯೋಚಿಸಿ ನೋಡಿ: ಅಕ್ಕಿ ಬೇಳೆ. ನಾವು ದಿನವೂ ಮೂಟೆಗಟ್ಟಲೆ ತೊಳೆದು ಬೇಯಿಸುವ ಸಾಮಾನು.

ರೋಗಿಗಳ ಸಂಗತಿ ಇನ್ನೂ ಗಮನಿಸತಕ್ಕದ್ದು. ಅವರಲ್ಲಿ ಐವರಲ್ಲಿ ನಾಲ್ವರು ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದವರು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ಪ್ರತಿಶತ 5ರಷ್ಟು ತೂಕ ಏರಿಸಿಕೊಂಡವರಲ್ಲಿ ಸಾವಿನ ಅಪಾಯ 61ರಷ್ಟು ಕಡಿಮೆ ಕಂಡಿತು. ನಲವತ್ತು ಕಿಲೋ ಇದ್ದವನಿಗೆ ಅದು ಎರಡು ಕಿಲೋ, ಅಷ್ಟೇ. ಜಾರ್ಖಂಡದ ಹಳ್ಳಿಯ ಲೆಕ್ಕ ನಮ್ಮ ಖೋಲಿಗೆ ಅಂಕಿಗೆ ಅಂಕಿ ಹೊಂದುತ್ತದೆಂದು ನಾನು ಹೇಳುವುದಿಲ್ಲ. ಆದರೆ ಬೆಳಗಿನ ಐದಕ್ಕೆ ಭಟ್ಟಿಯ ಮುಂದೆ ನಿಂತವನು ಮಧ್ಯಾಹ್ನದ ಊಟವನ್ನು ನಾಲ್ಕು ಗಂಟೆಗೆ, ತಳದಲ್ಲಿ ಉಳಿದ ನೀರು ಸಾಂಬಾರಿನಲ್ಲಿ ಮುಗಿಸುತ್ತಾನೆ. ನಡುವೆ ಹಸಿವಾದಾಗಲೆಲ್ಲ ಚಹಾ ಕುಡಿಯುತ್ತಾನೆ. ಈ ಊಟದ ವಿಷಯವನ್ನು ನಾವು ಇಲ್ಲಿಯವರೆಗೆ ರುಚಿಯ ತಕರಾರೆಂದು ಹೇಳುತ್ತಿದ್ದೆವು. ಇನ್ನು ಮೇಲೆ ಎದೆಯ ವಿಷಯವೆಂದು ಹೇಳಬೇಕು.

ವಂಶದ ಮಾತು ಸುಳ್ಳೆಂದೆ. ಆದರೆ ವಂಶಕ್ಕೆ ಒಂದು ಸಣ್ಣ ಪಾತ್ರವಿದೆ. ಐಸೋನಿಯಜಿಡ್ ಎಂಬ ಮುಖ್ಯ ಗುಳಿಗೆಯನ್ನು ಕೆಲವರ ದೇಹ ಬೇಗ ಕರಗಿಸಿ ಹೊರಹಾಕುತ್ತದೆ, ಕೆಲವರದು ನಿಧಾನ. ಇದು ತಂದೆತಾಯಿಯಿಂದ ಬರುವ ಒಂದು ಜೀನಿನ ಗುಣ. ನಿಧಾನದವರಿಗೆ ಅಂಗಾಲು ಅಂಗೈ ಉರಿ, ಜೋಮು ಬರುವುದು ಹೆಚ್ಚು. ಅದಕ್ಕೆ ಬಿ-6 ಜೀವಸತ್ವದ ಗುಳಿಗೆಯಿದೆ. ಆದ್ದರಿಂದ ಕಾಲು ಉರಿಯಿತೆಂದು ಔಷಧ ಬಿಡಬೇಡಿ, ಡಾಕ್ಟರಿಗೆ ಹೇಳಿ. ಕ್ರಿಮಿಯ ಜೀನನ್ನೂ ಈಗ ಓದುತ್ತಾರೆ. ಬೆಂಗಳೂರು ಮತ್ತು ಗೋವೆಯಲ್ಲಿ ರೂಪುಗೊಂಡ ಟ್ರೂನ್ಯಾಟ್ ಎಂಬ ಯಂತ್ರ ಕಫದಲ್ಲಿ ಕ್ರಿಮಿ ಇದೆಯೇ, ಮುಖ್ಯ ಔಷಧಕ್ಕೆ ಅದು ಜಗ್ಗುತ್ತದೆಯೇ ಎಂಬುದನ್ನು ಕೆಲವೇ ತಾಸುಗಳಲ್ಲಿ ಹೇಳುತ್ತದೆ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಹತ್ತಿಯ ದೂಳಿನ ಕೆಮ್ಮು ಹಳೆಯ ನಂಟ. "ಇದೂ ಅದೇ ಕೆಮ್ಮು" ಎಂದು ಸುಮ್ಮನಿರದೆ ಅವರು ಕಫ ತೋರಿಸಬೇಕು. ಜಗ್ಗದ ಕ್ಷಯಕ್ಕೂ ಆರು ತಿಂಗಳಲ್ಲಿ ಮುಗಿಯುವ ಹೊಸ ಚಿಕಿತ್ಸೆಯನ್ನು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಒಪ್ಪಿದೆ.

ಇನ್ನು ಮನಸ್ಸಿನ ಮಾತು. ರೋಗಕ್ಕಿಂತ ಮೊದಲು ಒಂಟಿತನ ಮನುಷ್ಯನನ್ನು ತಿನ್ನುತ್ತದೆ. ಕೆಲಸ ಹೋಗುವ ಭಯ, ಊರಿಗೆ ಹಣ ಕಳಿಸಲಾಗದ ನಾಚಿಕೆ, ಜೊತೆಯವರು ಹಾಸಿಗೆ ದೂರ ಎಳೆದುಕೊಳ್ಳುವುದು. ಇಂಥ ಖಿನ್ನತೆಗೆ ಮನೋವೈದ್ಯರೇ ಬೇಕೆಂದರೆ ನಮ್ಮ ಪಾಲಿಗೆ ಅವರು ಎಲ್ಲಿದ್ದಾರೆ? ಗೋವೆಯ ಹತ್ತು ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲ 2016ರಲ್ಲಿ ಬಂತು. ಡಾಕ್ಟರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿಸಿದರು. ಮೂರು ತಿಂಗಳಿಗೆ ಈ ನೆರವು ಪಡೆದ 230 ಜನರಲ್ಲಿ 147 ಮಂದಿ ಚೇತರಿಸಿದ್ದರು; ಪಡೆಯದ 236ರಲ್ಲಿ 91 ಮಂದಿ ಮಾತ್ರ. ಅವರು ಕ್ಷಯ ರೋಗಿಗಳೇ ಎಂದಲ್ಲ. ಆದರೆ ತರಬೇತಿ ಪಡೆದ ನೆರೆಯವನೂ ಮದ್ದಾಗಬಲ್ಲ ಎಂಬುದಕ್ಕೆ ಇಷ್ಟು ಸಾಕು.

ಕೈಗೆ ಸಿಗುವ ಸೌಲಭ್ಯಗಳನ್ನು ಹೇಳಿಬಿಡುತ್ತೇನೆ. ಸರ್ಕಾರಿ ದವಾಖಾನೆಯಲ್ಲಿ ಕ್ಷಯದ ಪರೀಕ್ಷೆ, ಔಷಧ ಪುಕ್ಕಟೆ. ಹೆಸರು ನೋಂದಾಯಿಸಿದ ರೋಗಿಗೆ ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1,000. ಬ್ಯಾಂಕಿನ ಖಾತೆ ಬೇಕು, ಅದಿಲ್ಲದವರು ನನ್ನ ಬಳಿ ಬನ್ನಿ. ಇ.ಎಸ್.ಐ. ವಿಮೆಯಿದ್ದು ನಿಯಮದ ಪ್ರಕಾರ ವಂತಿಗೆ ಕಟ್ಟಿದವನಿಗೆ ಕ್ಷಯದ ದೀರ್ಘ ರಜೆಯಲ್ಲಿ ಕೂಲಿಯ ಪ್ರತಿಶತ 80, ಎರಡು ವರ್ಷದವರೆಗೆ ಸಿಗಬಹುದು. ನಿಮ್ಮ ಹೆಸರನ್ನು ಧನಿಗಳು ಅದರಲ್ಲಿ ಬರೆಸಿದ್ದಾರೆಯೇ? ನಾಳೆಯೇ ಗಲ್ಲಾದಲ್ಲಿ ಕೇಳಿ.

ಕಾರ್ಯಕಾರಿ ಸಮಿತಿಯ ಮುಂದೆ ಮೂರು ಬೇಡಿಕೆ ಇಡುತ್ತಿದ್ದೇನೆ. ಮಧ್ಯಾಹ್ನ ಎರಡರೊಳಗೆ ಕಾರ್ಮಿಕರ ಊಟ, ಅದರಲ್ಲಿ ಗಟ್ಟಿ ಬೇಳೆ. ಕ್ಷಯವೆಂದು ತಿಳಿದವನನ್ನು ಕೆಲಸದಿಂದ ತೆಗೆಯಬಾರದು. ಸರಿಯಾದ ಔಷಧ ಶುರುವಾದ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಅವನಿಂದ ಹರಡುವುದು ನಿಲ್ಲುತ್ತದೆ, ಡಾಕ್ಟರು ಚೀಟಿ ಕೊಟ್ಟ ದಿನ ಅವನ ಜಾಗ ಅವನಿಗೆ ಸಿಗಬೇಕು. ಮೂರನೆಯದು ಧನಿಗಳಿಗಲ್ಲ, ನಮಗೇ: ಪ್ರತಿ ಖೋಲಿಯಿಂದ ಒಬ್ಬರು ರೋಗಿಯನ್ನು ವಾರಕ್ಕೊಮ್ಮೆ ಕಂಡು, ಗುಳಿಗೆ ನುಂಗಿದನೇ, ತೂಕ ಏರಿತೇ, ಊರಿಗೆ ಕಾಗದ ಬರೆದನೇ ಎಂದು ವಿಚಾರಿಸಬೇಕು. ಒಪ್ಪುವವರು ಹೆಸರನ್ನು ಕಾರ್ಯದರ್ಶಿಗಳ ಪುಸ್ತಕದಲ್ಲಿ ಬರೆಸಿ ಹೋಗಿ.