ಬಾವಿಯ ನೀರು ಉಪ್ಪಾದಾಗ



ಚಂದ್ರಗಿರಿ ಹೊಳೆಯ ನೆರೆಹೊರೆಯವರಾದ ನಮಗೆ ಬೇಸಗೆಯ ಉಪ್ಪುನೀರು ಹೊಸತಲ್ಲ. ಹೊಳೆ ಬಡವಾದೊಡನೆ ಭರತದ ನೀರು ಮೇಲೇರುವುದು. ಬಾವಿಕ್ಕೆರೆಯ ಅಣೆಕಟ್ಟು 2021ರಲ್ಲಿ ಸಿದ್ಧವಾಗುವವರೆಗೆ ಕಾಸರಗೋಡಿನ ನಲ್ಲಿಗಳಲ್ಲಿಯೂ ಅದೇ ರುಚಿ. ಕಡಲಂಚಿನ ಬಾವಿಗಳಿಗಾದರೋ ಅಂಥ ರಕ್ಷಣೆಯಿಲ್ಲ.

ಈ ರುಚಿಗೆ ಕಾರಣ ಕ್ಲೋರೈಡ್. ನೀರಿನ ಶುದ್ಧೀಕರಣಕ್ಕೆ ಹಾಕುವ ಕ್ಲೋರಿನ್ ಬೇರೆ, ಇದು ಬೇರೆ. ಭಾರತೀಯ ಮಾನಕದಂತೆ ಲೀಟರಿಗೆ 250 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಜಲಮೂಲವೇ ಇಲ್ಲದೆಡೆ 1000ದವರೆಗೆ ಅನುಮತಿಯುಂಟು. ಆರೋಗ್ಯವಂತನಿಗೆ ಅದು ವಿಷವಲ್ಲ. ಆದರೆ ಕಡಲಿನಿಂದ ಬರುವಾಗ ಸೋಡಿಯಮ್ಮನ್ನೂ ಜೊತೆಗೆ ತರುತ್ತದೆ. ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ಬೇನೆಯುಳ್ಳ ಹಿರಿಯರಿಗೆ ಅಂಥ ನೀರನ್ನು ಕೊಡದಿರುವುದೇ ಲೇಸು.

ಕುದಿಸಿದರೆ ಸರಿಹೋದೀತೆಂಬ ಭ್ರಮೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಕುದಿತದಿಂದ ರೋಗಾಣುಗಳು ಸಾಯುವುವು, ನಿಜ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಉಪ್ಪಿನ ಅಂಶ ಹೆಚ್ಚುವುದು. ಪಟಿಕವೂ ಬಟ್ಟೆಯ ಸೋಸಣೆಯೂ ಅದನ್ನು ತೆಗೆಯಲಾರವು.

ಕಡಲಿಗೆ ದೂರವಾದ ಬಾವಿಯಲ್ಲಿ ಕ್ಲೋರೈಡ್ ಹಠಾತ್ತನೆ ಏರಿದರೆ ಮಾತು ಬೇರೆ. ಅಲ್ಲಿ ಮೊದಲು ಶಂಕಿಸಬೇಕಾದುದು ಸಮೀಪದ ಶೌಚಗುಂಡಿಯನ್ನು. ರೋಗಾಣುಗಳ ಪರೀಕ್ಷೆಯಾಗುವತನಕ ಆ ನೀರನ್ನು ಕುದಿಸದೆ ಕುಡಿಯಬಾರದು.

ಕಡಲಂಚಿನಲ್ಲಿ ನೆಲದೊಳಗಿನ ಸಿಹಿನೀರಿನ ಒತ್ತಡವೇ ಉಪ್ಪುನೀರನ್ನು ತಡೆದಿಟ್ಟಿದೆ. ಹಗಲಿರುಳು ಪಂಪು ನಡೆಸಿದರೆ ಆ ತಡೆ ಕುಸಿಯುವುದು. ಪಂಪಿನ ಹೊತ್ತನ್ನು ಕುಗ್ಗಿಸಿ, ಮಳೆಗಾಲದಲ್ಲಿ ಮಾಡಿನ ನೀರನ್ನು ಸೋಸಿ ಬಾವಿಗಿಳಿಸುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.