ಮಾಗಿಯ ಮಂಜು ಮತ್ತು ಮನೆಯ ಹತ್ತಿರದ ಕಾಡು



ಹಿಮದ ಚಿತ್ರಗಳನ್ನು ನೋಡಿ ಬೆಳೆದ ಮಕ್ಕಳಿಗೆ ಚಳಿಗಾಲದ ತಿರುಗಾಟವೆಂದರೆ ದೂರದ ಹಿಮಾಲಯವೇ ಎಂಬ ಭಾವನೆಯಿರುತ್ತದೆ. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಹಿಮ ಬೀಳುವುದಿಲ್ಲ. ಇಲ್ಲಿಗೆ ಬರುವುದು ಮಂಜು. ಆದರೂ ಕನ್ನಡವು ಹಿಮಕ್ಕೂ ಇಬ್ಬನಿಗೂ ಬೆಳಗಿನ ಬಿಳಿ ಮುಸುಕಿಗೂ ಮಂಜು ಎಂಬ ಒಂದೇ ಮಾತನ್ನು ಸಲ್ಲಿಸುವುದರಿಂದ, ಮಲೆನಾಡಿನವರು ತಮಗೂ ಮಂಜು ಬೀಳುವ ದಿನಗಳುಂಟೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

ಈ ಮಂಜು ಆಕಾಶದಿಂದ ಇಳಿದು ಬಂದುದಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮೋಡವಿಲ್ಲದೆ, ಗಾಳಿ ನಿಂತಿರುವಾಗ, ನೆಲವು ಹಗಲಲ್ಲಿ ಹೀರಿದ ಶಾಖವನ್ನು ಬೇಗನೆ ಬಿಟ್ಟುಕೊಡುತ್ತದೆ. ಹೊಳೆ, ಗದ್ದೆ, ತೋಟಗಳ ತೇವವನ್ನು ಹೊತ್ತ ಗಾಳಿ ಆ ತಣ್ಣನೆಯ ನೆಲಕ್ಕೆ ತಾಗಿ ಸೂಕ್ಷ್ಮ ಹನಿಗಳಾಗುತ್ತದೆ. ಗಾಜನೂರು ಅಣೆಕಟ್ಟೆಯ ಹಿನ್ನೀರಿನ ಮೇಲೆ ಬೆಳಗಿನ ಹೊತ್ತು ಹೊಗೆಯಂತೆ ಏಳುವುದೂ ಇಂಥದೇ ನೀರಿನ ಆವಿ. ನೀರು ಬೆಚ್ಚಗಿದ್ದು, ಮೇಲಿನ ಗಾಳಿ ತಣ್ಣಗಿರುವುದೇ ಇದಕ್ಕೆ ಕಾರಣ. ಅಡಿಕೆ ಬೇಯಿಸಿ ಅಂಗಳದಲ್ಲಿ ಹರವಿದ ರೈತನಿಗೆ ಈ ಸೊಬಗು ಅಷ್ಟೇನೂ ಹಿತವಲ್ಲವೆಂಬುದನ್ನು ನೋಡಲು ಹೋದವರು ನೆನಪಿಡಬೇಕು.

ಭದ್ರಾವತಿಯ ಮಂಜಿಗೆ ಬೇರೊಂದು ಚರಿತ್ರೆಯಿದೆ. ತಣ್ಣನೆಯ ಭಾರವಾದ ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ನಿಂತಾಗ ಹೊಗೆ ಮೇಲೇರಲಾರದೆ ಊರಿನ ಮೇಲೆಯೇ ಮುಚ್ಚಳದಂತೆ ಕುಳಿತುಬಿಡುತ್ತದೆ. 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದಾಗ ಅದಕ್ಕೆ ಉಣಿಸಿದ್ದು ಕಲ್ಲಿದ್ದಲನ್ನಲ್ಲ, ಸುತ್ತಲ ಕಾಡಿನ ಮರವನ್ನು ಸುಟ್ಟು ಮಾಡಿದ ಇದ್ದಿಲನ್ನು. ಹಾಗೆಂದು ಮಂಜೆಲ್ಲ ಹೊಗೆಯೆಂದು ತಿಳಿಯಬಾರದು. ಕಣ್ಣು ಉರಿದು ಗಂಟಲು ಕೆರೆದರೆ ಮಂಜಿನೊಳಗೆ ಹೊಗೆ ಸೇರಿದೆಯೆಂದು ಊಹಿಸಬಹುದು.

ಗೆಳೆಯರು ಕೂಡಿ ಒಂದು ದಿನದಲ್ಲಿ ಹೋಗಿಬರುವ ತಾಣಗಳಿಗೆ ಈ ಎರಡು ಊರುಗಳ ಸುತ್ತ ಕೊರತೆಯಿಲ್ಲ. ತೀರ್ಥಹಳ್ಳಿಯ ಹಾದಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರವಿದೆ. ಬೆಳಗ್ಗೆ ಆನೆಗಳು ತುಂಗೆಯ ನೀರಿಗಿಳಿಯುತ್ತವೆ. ಇನ್ನೂ ಮುಂದೆ ಮಂಡಗದ್ದೆ. ಮಳೆಗಾಲದಲ್ಲಿ ಹೊಳೆಯ ನಡುವಿನ ಮರಗಳಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಾಗಿಯ ಹೊತ್ತಿಗೆ ಹೆಚ್ಚಾಗಿ ಹೊರಟುಹೋಗಿರುತ್ತವೆ. ಹಕ್ಕಿಗಳಿಲ್ಲವೆಂದು ನಿರಾಶರಾಗುವವರು ಬೇಗ ಬರಬೇಕಿತ್ತು. ಭದ್ರಾವತಿಯ ಕಡೆಯಲ್ಲಿ ಭದ್ರಾ ಅಣೆಕಟ್ಟು, ಶಂಕರಘಟ್ಟ. ತುಂಗೆಯೂ ಭದ್ರೆಯೂ ಕೂಡುವ ಕೂಡ್ಲಿಯನ್ನು ಮಂಜು ಹರಿಯುವ ಮುನ್ನ ನೋಡಬೇಕು.

ಆದರೆ ಹಿಮಾಲಯಕ್ಕೆ ಹೊರಟವನು ಬೂಟು, ಕಂಬಳಿ, ಔಷಧಿಗಳ ಪಟ್ಟಿ ಮಾಡುತ್ತಾನೆ. ಮಂಡಗದ್ದೆಯ ಕಾಡಿಗೆ ಹೊರಟವನು ಚಪ್ಪಲಿ ಮೆಟ್ಟಿ ನಡೆಯುತ್ತಾನೆ. ಮನೆಯ ಹತ್ತಿರದ ಕಾಡು ತನ್ನದೇ ಹಿತ್ತಿಲೆಂಬ ಈ ಸಲಿಗೆಯೇ ಅಪಾಯಕಾರಿ. ಯಾಕೆಂದರೆ ಮಂಜಿನ ಕಾಲವೇ ಉಣುಗಿನ ಕಾಲ.

1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದರ ವೈರಸ್ಸನ್ನು ಗುರುತಿಸಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರೇ ರೋಗದ ಹೆಸರಾಯಿತು. ಮಲೆನಾಡಿಗೆ ಅದು ಮಂಗನ ಕಾಯಿಲೆ. ವೈರಸ್ಸನ್ನು ಹರಡುವುದು ಉಣುಗು. ಅದರ ಮರಿಗಳು ಎಳ್ಳಿನ ಕಾಳಿಗಿಂತ ಸಣ್ಣವು. ನವೆಂಬರ್ ಕಳೆದ ಮೇಲೆ ತರಗೆಲೆಯ ನಡುವೆ, ಹುಲ್ಲಿನ ತುದಿಯಲ್ಲಿ ಕಾದು ಕುಳಿತು ಹಾದುಹೋಗುವವರ ಮೈಗೆ ಹತ್ತುತ್ತವೆ. ಕಚ್ಚಿದುದು ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡದು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018–19ರ ಮಾಗಿಯಲ್ಲಿ ಹಲವರನ್ನು ಇದು ಬಲಿ ತೆಗೆದುಕೊಂಡಿತು. ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಯನ್ನು, ಅದರ ಶಕ್ತಿ ಸಾಲದೆಂದು, 2022ರಲ್ಲಿ ನಿಲ್ಲಿಸಲಾಯಿತು.

ಒಂದು ದಿನ ತಿರುಗಿ ಮನೆಗೆ ಮರಳುವ ಗೆಳೆಯರಿಗಿಂತ ಹೆಚ್ಚಿನ ಅಪಾಯ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ದಿನವೂ ಕಾಡಿಗೆ ಹೋಗಲೇಬೇಕಾದವರದು. ಆದುದರಿಂದ ಹೊರಡುವ ಮೊದಲು ಆ ಊರಿನವರನ್ನು, ಆಶಾ ಕಾರ್ಯಕರ್ತೆಯರನ್ನು ವಿಚಾರಿಸುವುದು ಮರ್ಯಾದೆಯೂ ಹೌದು, ವಿವೇಕವೂ ಹೌದು. ಮಂಗ ಸತ್ತಿದೆಯೆಂಬ ಸುದ್ದಿಯಿದ್ದಲ್ಲಿಗೆ ಹೋಗಬಾರದು. ಸತ್ತ ಮಂಗವನ್ನು ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ತೋಳು, ಕಾಲು ಮುಚ್ಚುವ ಉಡುಪು ತೊಟ್ಟು, ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ಹಂಚುವ ಉಣುಗು ನಿವಾರಕ ತೈಲವನ್ನು ಸವರಿಕೊಂಡು ನಡೆಯಬೇಕು. ಬುತ್ತಿ ಬಿಚ್ಚುವುದು ತರಗೆಲೆಯ ಮೇಲಲ್ಲ, ಬಯಲಿನ ಬಂಡೆಯ ಮೇಲೆ. ಚಳಿಯೆಂದು ಕಾಡಿನಲ್ಲಿ ಬೆಂಕಿ ಹಾಕುವುದಂತೂ ಸಲ್ಲದು. ಇಬ್ಬನಿ ಆರಿದ ಮಧ್ಯಾಹ್ನ ಅದೇ ತರಗೆಲೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಹಂಡೆಯ ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು, ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಸಂದುಗಳನ್ನು ನೋಡಿಕೊಳ್ಳಬೇಕು. ಮೂರರಿಂದ ಎಂಟು ದಿನಗಳಲ್ಲಿ ಏಕಾಏಕಿ ಜ್ವರ, ತಲೆನೋವು, ಸೊಂಟನೋವು ಕಾಣಿಸಿದರೆ ಮಂಜಿನಲ್ಲಿ ತಿರುಗಿದ ಥಂಡಿಯೆಂದು ಕಷಾಯ ಕುಡಿದು ಮಲಗದೆ ಆಸ್ಪತ್ರೆಗೆ ಹೋಗಬೇಕು. ಯಾವ ದಿನ, ಯಾವ ಕಾಡಿಗೆ ಹೋಗಿದ್ದುದೆಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು. ಜೊತೆಯಲ್ಲಿ ಬಂದಿದ್ದ ಗೆಳೆಯರಿಗೂ ಅದೇ ದಿನ ಸುದ್ದಿ ಮುಟ್ಟಿಸಬೇಕು.