ರಕ್ತ ಹೆಪ್ಪುಗಟ್ಟಿಸುವ ಕಣಕ್ಕೆ ಇಂಧನ ಎಲ್ಲಿಂದ ಬರುತ್ತೆ?

ಡೆಂಗಿ ಸೀಸನ್‌ನಲ್ಲಿ ಜ್ವರ ಬಂದ್ರೆ ಡಾಕ್ಟರ್ ಮೊದಲು ಬರೆದುಕೊಡೋದು ಸಿಬಿಸಿ ಟೆಸ್ಟ್. ರಿಪೋರ್ಟ್ ಮೊಬೈಲ್‌ಗೆ ಬಂದ ತಕ್ಷಣ ನಾವೆಲ್ಲ ಪ್ಲೇಟ್‌ಲೆಟ್ ಎಷ್ಟಿದೆ ಅಂತ ನೋಡ್ತೀವಿ. ಅದೇ ರಿಪೋರ್ಟ್‌ನಲ್ಲಿ ‘ನ್ಯೂಟ್ರೋಫಿಲ್’ ಅನ್ನೋ ಇನ್ನೊಂದು ಸಾಲಿರುತ್ತೆ. ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಇವತ್ತು ನಾನು ಮಾತಾಡೋದು ಈ ಕಣದ ಬಗ್ಗೆ, ಅದು ದಾರಿ ತಪ್ಪಿದಾಗ ಬರೋ ಒಂದು ಕಾಯಿಲೆಯ ಬಗ್ಗೆ.

ಆ ಕಾಯಿಲೆಯ ಹೆಸರು ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಚಿಕ್ಕದಾಗಿ ಎಪಿಎಸ್. 1983ರಲ್ಲಿ ಲಂಡನ್‌ನ ವೈದ್ಯ ಗ್ರಹಾಂ ಹ್ಯೂಸ್ ಇದನ್ನ ಒಂದು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ಸೋಂಕಿನ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ಇಲ್ಲಿ ನಮ್ಮದೇ ಜೀವಕೋಶಗಳ ಮೇಲ್ಮೈಯಲ್ಲಿರೋ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತವೆ. ಪರಿಣಾಮ? ಗಾಯವೇ ಇಲ್ಲದ ಕಡೆ ರಕ್ತ ಹೆಪ್ಪುಗಟ್ಟುತ್ತೆ. ಕಾಲಿನ ರಕ್ತನಾಳದಲ್ಲಿ ಆಗಬಹುದು, ಶ್ವಾಸಕೋಶದಲ್ಲಿ ಆಗಬಹುದು, ಮೆದುಳಿನಲ್ಲಿ ಆದರೆ ಸ್ಟ್ರೋಕ್. ಅದೂ ಇಪ್ಪತ್ತು, ಮೂವತ್ತರ ವಯಸ್ಸಿನಲ್ಲೇ. ಕೆಲವು ಹೆಣ್ಣುಮಕ್ಕಳಿಗೆ ಮತ್ತೆ ಮತ್ತೆ ಗರ್ಭ ನಿಲ್ಲದೇ ಹೋಗುತ್ತೆ. ಮನೆಯವರು ‘ಅವಳ ಮೈಯೇ ಸರಿಯಿಲ್ಲ’ ಅಂತ ಅವರನ್ನೇ ದೂರುತ್ತಾರೆ. ಕಾರಣ ರಕ್ತದಲ್ಲಿರಬಹುದು ಅನ್ನೋದು ಯಾರಿಗೂ ಹೊಳೆಯೋದಿಲ್ಲ.

ಹೆಚ್ಚಿನವರಿಗೆ ಇವತ್ತು ಸಿಗೋ ಚಿಕಿತ್ಸೆ ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಾರ್ಫರಿನ್ ಮಾತ್ರೆ. ಹೊಸ ಮಾತ್ರೆ ಕೊಡಬಾರದಾ ಅಂತ ಕೇಳಬಹುದು. ಇಟಲಿಯಲ್ಲಿ ಅದನ್ನೂ ಪರೀಕ್ಷಿಸಿದರು. ಕಾಯಿಲೆ ತೀವ್ರವಾಗಿದ್ದವರಲ್ಲಿ ರಿವರಾಕ್ಸಬಾನ್ ಅನ್ನೋ ಹೊಸ ಔಷಧಿಯನ್ನ ವಾರ್ಫರಿನ್ ಜೊತೆ ಹೋಲಿಸಿದಾಗ, ಹೊಸ ಮಾತ್ರೆ ತಗೊಂಡವರಲ್ಲೇ ಸ್ಟ್ರೋಕ್, ಹೃದಯಾಘಾತ ಜಾಸ್ತಿ ಕಂಡವು. ಪ್ರಯೋಗವನ್ನ ಮಧ್ಯದಲ್ಲೇ ನಿಲ್ಲಿಸಬೇಕಾಯ್ತು. ಆ ಫಲಿತಾಂಶ 2018ರಲ್ಲಿ ಪ್ರಕಟವಾಯ್ತು. ಹಾಗಾಗಿ ಇವತ್ತಿಗೂ ಹಳೇ ವಾರ್ಫರಿನ್ನೇ ಗತಿ. ಆದರೆ ಅದು ಹೆಪ್ಪುಗಟ್ಟೋ ಕೊನೇ ಹಂತವನ್ನ ಮಾತ್ರ ತಡೆಯುತ್ತೆ. ಶುರು ಮಾಡಿದ ಜೀವಕೋಶದ ತಂಟೆಗೆ ಹೋಗಲ್ಲ.

ಶುರು ಮಾಡೋದು ಯಾರು? ಒಂದು ಮುಖ್ಯ ಸುಳಿವು ಸಿಕ್ಕಿದ್ದು 2004ರಲ್ಲಿ, ಜರ್ಮನಿಯ ಬರ್ಲಿನ್‌ನಲ್ಲಿ. ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾವನ್ನ ನುಂಗೋದಷ್ಟೇ ಅಲ್ಲ, ತಮ್ಮದೇ ಡಿಎನ್‌ಎಯನ್ನ ಹೊರಗೆ ಎಸೆದು ಬಲೆ ಹಾಕುತ್ತವೆ ಅಂತ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ತೋರಿಸಿದರು. ನಮ್ಮ ಕರಾವಳಿಯಲ್ಲಿ ಹೊಳೆಗೆ ಬೀಸುಬಲೆ ಬೀಸ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ಬ್ಯಾಕ್ಟೀರಿಯಾ ಸಿಕ್ಕಿಬಿದ್ರೆ ಒಳ್ಳೇದೇ. ಆದರೆ ಸೋಂಕೇ ಇಲ್ಲದಾಗ ರಕ್ತನಾಳದೊಳಗೆ ಬಲೆ ಬಿದ್ರೆ? ಪ್ಲೇಟ್‌ಲೆಟ್, ಕೆಂಪು ರಕ್ತಕಣ ಎಲ್ಲ ಅದಕ್ಕೇ ಸಿಕ್ಕಿಹಾಕಿಕೊಂಡು ಹೆಪ್ಪು ಬೆಳೆಯುತ್ತೆ.

ಎಪಿಎಸ್‌ನಲ್ಲಿ ಆಗೋದು ಇದೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಗಿಗಳ ನ್ಯೂಟ್ರೋಫಿಲ್‌ಗಳು ಯಾರೂ ಕೆಣಕದೇನೇ ಹೆಚ್ಚು ಬಲೆ ಹಾಕ್ತಿದ್ದವು. ಆರೋಗ್ಯವಂತರ ನ್ಯೂಟ್ರೋಫಿಲ್‌ಗಳಿಗೆ ರೋಗಿಗಳ ಪ್ರತಿಕಾಯ ಸೇರಿಸಿದಾಗ ಅವೂ ಬಲೆ ಹಾಕೋಕೆ ಶುರು ಮಾಡಿದವು.

ಈಗ ನಮ್ಮ ಅಸಲಿ ಪ್ರಶ್ನೆ. ಬಲೆ ಬೀಸೋಕೆ ಶಕ್ತಿ ಬೇಕಲ್ವಾ? ಅದು ಎಲ್ಲಿಂದ ಬರುತ್ತೆ? ಜೀವಕೋಶ ಆಹಾರವನ್ನ ಶಕ್ತಿಯಾಗಿಸೋ ಕೆಲಸಕ್ಕೆ ಮೆಟಬಾಲಿಸಂ ಅಂತಾರೆ. ಹೆಚ್ಚಿನ ಜೀವಕೋಶಗಳು ಮೈಟೋಕಾಂಡ್ರಿಯಾ ಅನ್ನೋ ಒಲೆಯಲ್ಲಿ ಆಮ್ಲಜನಕ ಬಳಸಿ ನಿಧಾನವಾಗಿ, ಪೂರ್ತಿಯಾಗಿ ಅಡುಗೆ ಮಾಡ್ತವೆ. ನ್ಯೂಟ್ರೋಫಿಲ್‌ನಲ್ಲಿ ಆ ಒಲೆಗಳು ಕಡಿಮೆ. ಅದು ಗ್ಲೂಕೋಸನ್ನ ಅರ್ಧಂಬರ್ಧ ಒಡೆದು ಕೆಲಸ ಸಾಗಿಸುತ್ತೆ. ಇದು ಗ್ಲೈಕೋಲಿಸಿಸ್. ಹಸಿವಾದಾಗ ಅವಲಕ್ಕಿ ಕಲಸಿ ತಿಂದ ಹಾಗೆ: ಸಿಗೋದು ಕಡಿಮೆ, ಆದರೆ ತಕ್ಷಣ ಸಿಗುತ್ತೆ.

ಲ್ಯಾಬ್‌ನಲ್ಲಿ ಗ್ಲೂಕೋಸ್ ಕೊಡದಿದ್ರೆ ನ್ಯೂಟ್ರೋಫಿಲ್ ಸರಿಯಾಗಿ ಬಲೆ ಹಾಕಲ್ಲ. ಗ್ಲೂಕೋಸ್‌ನಂತೆ ಕಾಣೋ, ಆದರೆ ಶಕ್ತಿ ಕೊಡದ ಒಂದು ಅಣುವಿದೆ, ಹೆಸರು 2-ಡಿಜಿ. ಅದನ್ನ ಕೊಟ್ಟರೂ ಬಲೆ ನಿಲ್ಲುತ್ತೆ. ಅಂದ್ರೆ ರಕ್ತವನ್ನ ಮುಟ್ಟದೆ, ಕಣದ ಇಂಧನದ ಮೇಲೇ ಹಿಡಿತ ಸಾಧಿಸೋ ದಾರಿಯೊಂದು ಕಾಣ್ತಿದೆ.

ಮೈಟೋಕಾಂಡ್ರಿಯಾ ಕಡೆಯಿಂದಲೂ ಪ್ರಯತ್ನ ನಡೆದಿದೆ. ಸ್ಪೇನ್‌ನ ಕಾರ್ಡೊಬಾದ ಸಂಶೋಧಕರು 36 ಎಪಿಎಸ್ ರೋಗಿಗಳಲ್ಲಿ ಕೆಲವರಿಗೆ ಒಂದು ತಿಂಗಳು ಕೋಎಂಜೈಮ್ ಕ್ಯೂ10, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ ಕೊಟ್ಟರು. ಕ್ಯೂ10 ತಗೊಂಡವರ ಬಿಳಿ ರಕ್ತಕಣಗಳಲ್ಲಿ ಮೈಟೋಕಾಂಡ್ರಿಯಾ ಸುಧಾರಿಸಿತು, ಹೆಪ್ಪಿಗೆ ದಾರಿ ಮಾಡೋ ಸೂಚಕಗಳು ಇಳಿದವು. ಇದು 2017ರ ವರದಿ. ಚಿಕ್ಕ ಪ್ರಯೋಗ, ಒಂದೇ ತಿಂಗಳು. ಸ್ಟ್ರೋಕ್ ತಪ್ಪುತ್ತೆ ಅಂತ ಇದರಿಂದ ಹೇಳೋಕಾಗಲ್ಲ.

ಇಲ್ಲಿ ಸ್ವಲ್ಪ ಬ್ರೇಕ್ ಹಾಕಬೇಕು. ಎಪಿಎಸ್‌ನ ಹತ್ತಿರದ ಸಂಬಂಧಿ ಲೂಪಸ್. 2015ರಲ್ಲಿ 2-ಡಿಜಿ ಜೊತೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೊಟ್ಟಾಗ ಇಲಿಗಳಲ್ಲಿ ಲೂಪಸ್ ಇಳಿಮುಖವಾಯ್ತು. ಎಲ್ಲರಿಗೂ ಖುಷಿ. ಆದರೆ ಚೀನಾದಲ್ಲಿ ಲೂಪಸ್ ರೋಗಿಗಳಿಗೆ ಬರೀ ಮೆಟ್‌ಫಾರ್ಮಿನ್ ಕೊಟ್ಟು ನೋಡಿದಾಗ, ಕಾಯಿಲೆ ಮರುಕಳಿಸೋದು ತಗ್ಗುತ್ತೆ ಅಂತ ಸಾಬೀತಾಗಲಿಲ್ಲ. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರ.

ಇನ್ನೊಂದು ತೊಡಕೂ ಇದೆ. ಗ್ಲೂಕೋಸ್ ನ್ಯೂಟ್ರೋಫಿಲ್‌ಗೆ ಮಾತ್ರ ಬೇಕಾದದ್ದಲ್ಲ. ಮೆದುಳಿಗೂ ಬೇಕು, ಕೆಂಪು ರಕ್ತಕಣಕ್ಕಂತೂ ಅದೇ ಜೀವ. ನ್ಯೂಟ್ರೋಫಿಲ್ ಪೂರ್ತಿ ಕೈಕಟ್ಟಿ ಕೂತರೆ ಸಣ್ಣ ಸೋಂಕೂ ದೊಡ್ಡದಾಗುತ್ತೆ. ಹಾಗಾಗಿ ಹುಡುಕ್ತಿರೋದು ಸ್ವಿಚ್ ಆಫ್ ಮಾಡೋ ಔಷಧಿಯನ್ನಲ್ಲ, ಅತಿಯಾಗಿ ಕೆರಳಿದ ಕಣವನ್ನಷ್ಟೇ ಸಮಾಧಾನ ಮಾಡೋದನ್ನ. ‘ಸಕ್ಕರೆ ಬಿಟ್ಟರೆ ಎಪಿಎಸ್ ವಾಸಿ’ ಅಂತ ಯಾವತ್ತಾದ್ರೂ ವಾಟ್ಸ್ಆ್ಯಪ್ ಮೆಸೇಜ್ ಬಂದ್ರೆ ಫಾರ್ವರ್ಡ್ ಮಾಡಬೇಡಿ. ನೀವು ಸಕ್ಕರೆ ಬಿಟ್ಟರೂ ದೇಹ ರಕ್ತದಲ್ಲಿ ಗ್ಲೂಕೋಸ್ ಕಾಪಾಡಿಕೊಳ್ಳುತ್ತೆ.

ಹಾಗಾದ್ರೆ ಇವತ್ತು ಏನು ಮಾಡಬಹುದು? ನಿಮ್ಮ ಮನೆಯಲ್ಲಿ, ಗೆಳೆಯರಲ್ಲಿ ಯಾರಿಗಾದ್ರೂ ಚಿಕ್ಕ ವಯಸ್ಸಿನಲ್ಲೇ ಕಾರಣವಿಲ್ಲದೆ ರಕ್ತ ಹೆಪ್ಪುಗಟ್ಟಿದ್ರೆ, ಅಥವಾ ಮತ್ತೆ ಮತ್ತೆ ಗರ್ಭಪಾತ ಆಗಿದ್ರೆ, ‘ಎಪಿಎಸ್ ಟೆಸ್ಟ್ ಬೇಕಾ?’ ಅಂತ ಡಾಕ್ಟರ್‌ಗೆ ಕೇಳಿ. ರಕ್ತಪರೀಕ್ಷೆ ಒಂದು ಸಲ ಪಾಸಿಟಿವ್ ಬಂದ್ರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಬೇಕು. ವಾರ್ಫರಿನ್ ತಗೊಳ್ಳೋರು ತಾವಾಗೇ ನಿಲ್ಲಿಸಬಾರದು, ಐಎನ್‌ಆರ್ ಟೆಸ್ಟ್ ತಪ್ಪಿಸಬಾರದು. ಸೊಪ್ಪು ಬಿಡಬೇಕಿಲ್ಲ, ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಅನ್ನೋ ಹಾಗೆ ಮಾತ್ರ ತಿನ್ನಬೇಡಿ. ಮಗು ಬೇಕು ಅಂದುಕೊಂಡವರು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ, ಯಾಕಂದ್ರೆ ವಾರ್ಫರಿನ್ ಭ್ರೂಣಕ್ಕೆ ಒಳ್ಳೇದಲ್ಲ. ಅದರ ಬದಲು ಹೆಪಾರಿನ್ ಇಂಜೆಕ್ಷನ್, ಕಡಿಮೆ ಡೋಸ್ ಆಸ್ಪಿರಿನ್ ಕೊಡ್ತಾರೆ. ಹೀಗೆ ಚಿಕಿತ್ಸೆ ಪಡೆದ ಬಹಳಷ್ಟು ತಾಯಂದಿರ ಮಡಿಲು ತುಂಬಿದೆ.

ಈ ಎಪಿಸೋಡ್ ಯಾರಿಗೆ ಬೇಕು ಅನಿಸುತ್ತೋ ಅವರಿಗೆ ಕಳಿಸಿ. ಮತ್ತೆ ಸಿಗೋಣ.